ಎಸರು ಕಾಯುವ ಹೊತ್ತು

ಮನೆಗೆಲಸಗಳಲ್ಲೆಲ್ಲ ಅಡಿಗೆಯಷ್ಟು ವಿಚಿತ್ರವಾದ ಕೆಲಸ ಇನ್ನೊಂದಿಲ್ಲ. ನೇಯ್ದ ಬಟ್ಟೆ ಹತ್ತು ವರ್ಷ ಬಾಳುತ್ತದೆ. ಕಟ್ಟಿದ ಗೋಡೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಬರೆದ ಕಾಗದವನ್ನು ಪೆಟ್ಟಿಗೆಯಲ್ಲಿ ಎತ್ತಿಡಬಹುದು. ಅಡಿಗೆಯಾದರೋ ಎರಡು ಗಂಟೆ ದುಡಿದು ಮಾಡಿದ್ದು ಅರ್ಧ ಗಂಟೆಯಲ್ಲಿ ಮಾಯವಾಗುತ್ತದೆ. ಉಳಿಯುವುದು ತೊಳೆಯಬೇಕಾದ ಪಾತ್ರೆ ಮಾತ್ರ. ಬೆಳಗಾದರೆ ಮತ್ತೆ ಅದೇ ಒಲೆ, ಅದೇ ಪಾತ್ರೆ, “ಇವತ್ತು ಏನು ಮಾಡಲಿ?” ಎಂಬ ಅದೇ ಪ್ರಶ್ನೆ. ದಿನವೂ ಮಾಡಿ ದಿನವೂ ಅಳಿಸಿಹೋಗುವ ಈ ಕೆಲಸಕ್ಕೆ ಹೊಟ್ಟೆ ತುಂಬಿಸುವುದನ್ನು ಬಿಟ್ಟು ಬೇರೆ ಅರ್ಥವುಂಟೆ? ಉಂಟೆಂದು ನಾವು ಹೇಳಿದರೆ, ಅದು ಒಲೆಯ ಮುಂದೆ ಬೆವರುವವರನ್ನು ಸಮಾಧಾನಪಡಿಸಲು ಆಡುವ ಮಾತಾಗಿಬಿಡುವುದಿಲ್ಲವೆ? ಈ ತಿಂಗಳು ವಾಚಕರೊಡನೆ ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಇಂಥ ವಿಷಯಕ್ಕೆ ದೊಡ್ಡ ಗ್ರಂಥಗಳನ್ನು ತೆರೆಯುವುದಕ್ಕಿಂತ ನಮ್ಮ ಗಡಿಸೀಮೆಯ ಒಂದು ಊರನ್ನೂ ಒಂದು ತಿನಿಸನ್ನೂ ಮುಂದಿಟ್ಟುಕೊಳ್ಳುವುದು ಲೇಸು. ಊರು ಹೊಸೂರಿನ ಸಮೀಪದ ತೊರಪಲ್ಲಿ ಅಗ್ರಹಾರ. ತಿನಿಸು ರಾಗಿಯ ಮುದ್ದೆ.

ತೊರಪಲ್ಲಿಯೆಂದೊಡನೆ ಹೊರಗಿನವರಿಗೆ ನೆನಪಾಗುವವರು ರಾಜಾಜಿಯವರು. ಚಕ್ರವರ್ತಿ ರಾಜಗೋಪಾಲಾಚಾರ್ಯರು 1878ರ ಡಿಸೆಂಬರ್ 10ರಂದು ಇಲ್ಲಿ ಜನಿಸಿದರು. ತಂದೆಯವರು ಊರಿನ ಮುನಸೀಫರು. ಬಾಲಕನು ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಸೇಲಮ್ಮಿನಲ್ಲಿ ವಕೀಲನಾಗಿ, ಕೊನೆಗೆ 1948ರಲ್ಲಿ ಭಾರತದ ಗೌರ್ನರ್ ಜನರಲ್ ಪದವಿಗೇರಿದ ಕಥೆ ಎಲ್ಲರಿಗೂ ತಿಳಿದದ್ದೇ. ಅವರು ಹುಟ್ಟಿದ ಚಿಕ್ಕ ಮನೆಯನ್ನು ತಮಿಳುನಾಡು ಸರ್ಕಾರ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಬೇಕಾದದ್ದು ಆ ಮನೆಗಿಂತ ಹೆಚ್ಚಾಗಿ ಆ ಸೀಮೆಯ ಹೊಲ.

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ, ಧರ್ಮಪುರಿ, ಇವೆಲ್ಲ ರಾಗಿಯ ನಾಡು. ಮಳೆಯನ್ನೇ ನಂಬಿ ಆಷಾಢ ಶ್ರಾವಣಗಳಲ್ಲಿ ಬಿತ್ತುವ ರಾಗಿಯ ನಡುವೆ ನಮ್ಮ ಹಿರಿಯರು ಅಕ್ಕಡಿ ಸಾಲು ಹಾಕುತ್ತಿದ್ದರು. ರಾಗಿಯ ಕೆಲವು ಸಾಲಿಗೊಂದು ಸಾಲು ಅವರೆ, ಇಲ್ಲವೆ ಸಾಸಿವೆ, ಇಲ್ಲವೆ ಹುಚ್ಚೆಳ್ಳು. ಇದನ್ನು ಬೇಸಾಯದ ಜಾಣತನವೆಂದು ಪುಸ್ತಕಗಳು ಹೊಗಳುತ್ತವೆ. ಅಡಿಗೆಯವಳ ಕಣ್ಣಿಗೆ ಅದು ಬೇರೆ ರೀತಿಯಾಗಿ ಕಾಣುತ್ತದೆ. ರಾಗಿಯಿಂದ ಮುದ್ದೆ, ಅವರೆಯಿಂದ ಸಾರು, ಸಾಸಿವೆಯಿಂದ ಒಗ್ಗರಣೆ, ಹುಚ್ಚೆಳ್ಳಿನಿಂದ ಚಟ್ನಿ: ಹೊಲದಲ್ಲಿ ಸಾಲು ಸಾಲಾಗಿ ನಿಂತದ್ದೇ ತಟ್ಟೆಯಲ್ಲಿ ಒಟ್ಟಾಗಿ ಬಂದು ಕೂಡುತ್ತದೆ. ಬಿತ್ತುವಾಗಲೇ ಊಟದ ಯೋಚನೆಯಿತ್ತು ಎಂದರೆ ತಪ್ಪಾಗಲಾರದು.

ಈ ತಿನಿಸಿಗೆ ನಮ್ಮ ಸೀಮೆಯಲ್ಲಿ ಮೂರು ಹೆಸರು. ಕನ್ನಡದ ಮನೆಯಲ್ಲಿ ಅದು ಮುದ್ದೆ, ಹಳಬರ ಬಾಯಲ್ಲಿ ಬರಿಯ ‘ಹಿಟ್ಟು’. ತೆಲುಗಿನ ಮನೆಯಲ್ಲಿ ಸಂಗಟಿ, ತಮಿಳಿನ ಮನೆಯಲ್ಲಿ ಕಳಿ. ಹೆಸರು ಮೂರಾದರೂ ಮಾಡುವ ಬಗೆಯಲ್ಲಿ ಹೆಚ್ಚು ಭೇದವಿಲ್ಲ. ಒಲೆಯ ಮೇಲಿಟ್ಟ ನೀರಿಗೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ‘ಎಸರು’ ಎಂದೇ ಹೆಸರು. ತಮಿಳರು ಅದನ್ನು ‘ಉಲೈ’ ಎನ್ನುತ್ತಾರೆ. ಕಮ್ಮಾರನ ಕುಲುಮೆಗೂ ಅವರಲ್ಲಿ ಅದೇ ಮಾತು. ಬರಿಯ ನೀರಿಗೂ ಅನ್ನವಾಗಲಿರುವ ನೀರಿಗೂ ಬೇರೆ ಬೇರೆ ಹೆಸರಿಟ್ಟ ಜನ ಅಡಿಗೆಯನ್ನು ಹಗುರವಾಗಿ ಕಂಡಿದ್ದಿರಲಾರರು.

ಮುದ್ದೆ ಮಾಡುವುದನ್ನು ಒಮ್ಮೆ ನಿಧಾನವಾಗಿ ನೋಡೋಣ. ಸುಮಾರಾಗಿ ಒಂದು ಪಾವು ಹಿಟ್ಟಿಗೆ ಎರಡು ಪಾವು ನೀರು. ನೀರಿಗೆ ಚಿಟಿಕೆ ಉಪ್ಪು. ಕೆಲವರು ಒಂದು ಹಿಡಿ ನುಚ್ಚನ್ನೂ ಹಾಕುವರು. ಎಸರು ಮರಳಿದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಸುರಿದ ಕೂಡಲೆ ಕೈಯಾಡಿಸಬಾರದು. ಇಲ್ಲಿಯೇ ಹೊಸಬರು ಸೋಲುವುದು. ಕೋಲನ್ನು ನಡುವೆ ನಿಲ್ಲಿಸಿ, ಉರಿಯನ್ನು ತಗ್ಗಿಸಿ, ಸುತ್ತಲೂ ಎಸರು ಉಕ್ಕಿ ಹಿಟ್ಟಿನ ಗುಡ್ಡೆಯನ್ನು ಬೇಯಿಸುವ ತನಕ ಸುಮ್ಮನಿರಬೇಕು. ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ತೋಳಿನ ಬಲವನ್ನೆಲ್ಲ ಹಾಕಿ ತೊಳಸಬೇಕು. ಅವಸರಪಟ್ಟವರ ಮುದ್ದೆ ಗಂಟಾಗುತ್ತದೆ. ಮರೆತವರ ಮುದ್ದೆ ತಳ ಹಿಡಿಯುತ್ತದೆ. ಒದ್ದೆ ಮಾಡಿದ ಬೆರಳಿನಿಂದ ಮುಟ್ಟಿದಾಗ ಹಿಟ್ಟು ಅಂಟದಿದ್ದರೆ ಹದ ಬಂದಿತೆಂದು ಅರ್ಥ.

ಸುಮ್ಮನಿರುವ ಆ ಹೊತ್ತಿಗೆ ಕಾರಣವುಂಟು. ಗೋಧಿಯ ಹಿಟ್ಟಿನಲ್ಲಿರುವ ಅಂಟು ರಾಗಿಯಲ್ಲಿಲ್ಲ. ಗೋಧಿ ತಣ್ಣೀರಿನಲ್ಲಿ ನಾದಿದರೂ ಎಳೆಯಾಗಿ ಹೊಂದಿಕೊಳ್ಳುತ್ತದೆ, ರಾಗಿ ಹಾಗಲ್ಲ. ಬಿಸಿನೀರು ಒಳಗಿಳಿದು ಅದರ ಪಿಷ್ಟವು ಅರಳಿದ ಮೇಲೆಯೇ ಕಣಕ್ಕೆ ಕಣ ಕೂಡಿಕೊಳ್ಳುವುದು. ರಾಗಿಯನ್ನು ಒಂದುಗೂಡಿಸುವುದು ಕಾವು. ಕಾವಿಗೆ ಬೇಕಾದದ್ದು ಕಾಲ. ತೋಳಿನ ಬಲ ಅದರ ಅನಂತರದ ಮಾತು.

ಕನ್ನಡದ ‘ಕಾಯು’ ಎಂಬ ಮಾತಿನ ಸೊಗಸನ್ನು ಇಲ್ಲಿ ಗಮನಿಸಬೇಕು. ಎಸರು ಕಾಯುತ್ತದೆ ಎಂದರೆ ಬಿಸಿಯಾಗುತ್ತದೆ. ಒಲೆಯ ಮುಂದಿರುವವಳು ಕಾಯುತ್ತಾಳೆ ಎಂದರೆ ಎದುರು ನೋಡುತ್ತಾಳೆ. ಹೊಲ ಕಾಯುವುದು, ಮನೆ ಕಾಯುವುದು ಎಂದರೆ ಕಾಪಾಡುವುದು. ಮೂರೂ ಕೆಲಸ ಅಡಿಗೆಮನೆಯಲ್ಲಿ ಏಕಕಾಲಕ್ಕೆ ನಡೆಯುತ್ತವೆ. ಎಸರು ಬಿಸಿಯಾಗುತ್ತಿರುವಾಗ ಒಬ್ಬ ಮನುಷ್ಯಪ್ರಾಣಿ ಇನ್ನೊಬ್ಬರ ಬರವನ್ನು ನಿರೀಕ್ಷಿಸುತ್ತ ಒಂದು ಮನೆಯನ್ನು ಕಾಪಾಡುತ್ತಿರುತ್ತದೆ. ಅಡಿಗೆಯ ಅರ್ಥವನ್ನು ಹುಡುಕುವವರು ಮೊದಲು ಇಲ್ಲಿ ಹುಡುಕಬೇಕೆಂದು ನಮಗೆ ತೋರುತ್ತದೆ.

ಇದು ಬರಿಯ ಮಾತಿನ ಚಮತ್ಕಾರವೆನ್ನುವವರಿಗೆ ಒಂದು ಉದಾಹರಣೆ ಕೊಡೋಣ. ತಮಿಳಿನಲ್ಲಿ ‘ಕಳಿ ತಿನ್ನುವುದು’ ಎಂದರೆ ಸೆರೆಮನೆಗೆ ಹೋಗುವುದು ಎಂದರ್ಥ. ಕನ್ನಡದಲ್ಲಿಯೂ ಹಾಗೆಯೇ, ಶಿಕ್ಷೆಯಾದವನನ್ನು ಕುರಿತು “ಮುದ್ದೆ ಮುರಿಯುತ್ತಿದ್ದಾನೆ” ಎಂದು ನಗುತ್ತೇವೆ. ಗಡಿಯ ಎರಡು ಭಾಷೆಗಳೂ ಒಂದೇ ತಿನಿಸನ್ನು ಹಿಡಿದು ಒಂದೇ ಹಾಸ್ಯ ಮಾಡುತ್ತವೆ. ಸೆರೆಮನೆಯ ಮುದ್ದೆಗೂ ಮನೆಯ ಮುದ್ದೆಗೂ ಇರುವ ವ್ಯತ್ಯಾಸವಾದರೂ ಏನು? ರಾಗಿ ಅದೇ, ನೀರು ಅದೇ, ಬೆಂಕಿ ಅದೇ. ಅಲ್ಲಿ ತಲೆ ಎಣಿಸಿ, ತೂಕ ನೋಡಿ ಬೇಯಿಸುತ್ತಾರೆ. ಇಲ್ಲಿ ಹೆಸರು ನೆನೆದು ಬೇಯಿಸುತ್ತಾರೆ: ಹಿರಿಯರಿಗೆ ಹಲ್ಲಿಲ್ಲ, ಮೆತ್ತಗಿರಲಿ, ಹೊಲಕ್ಕೆ ಹೋದವನು ಹಸಿದು ಬರುತ್ತಾನೆ, ಒಂದು ಹೆಚ್ಚಿರಲಿ, ಮಗುವಿಗೆ ತುಪ್ಪ ಬಿಟ್ಟು ಸಣ್ಣದೊಂದು. ಯಾರಿಗಾಗಿ ಎಂಬ ನೆನಪು ಹೋದರೆ ಮನೆಯ ಊಟವೂ ಸೆರೆಮನೆಯ ಊಟವೇ. ಆ ನೆನಪಿದ್ದರೆ ಹತ್ತು ಜನ ಉಣ್ಣುವ ಛತ್ರದ ಊಟವೂ ಮನೆಯ ಊಟವಾದೀತು.

ಸೆರೆಯ ಮಾತು ಬಂದಾಗ ಕನಕದಾಸರ ‘ರಾಮಧಾನ್ಯ ಚರಿತೆ’ ನೆನಪಾಗುವುದು ಸಹಜ. ಅಕ್ಕಿಗೂ ರಾಗಿಗೂ ತಾನು ಹೆಚ್ಚು ತಾನು ಹೆಚ್ಚು ಎಂದು ಜಗಳವಾದಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನೆಂದೂ, ಅವಧಿ ಮುಗಿದಾಗ ಅಕ್ಕಿ ಕೆಟ್ಟು ರಾಗಿ ಕೆಡದೆ ಉಳಿದಿತ್ತೆಂದೂ, ಆಗ ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಟ್ಟನೆಂದೂ ಆ ಕಾವ್ಯದ ಕಥೆ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದಿರುವುದನ್ನು ಕಂಡ ಒಕ್ಕಲಿನ ಜನಕ್ಕೆ ಅದು ಕಟ್ಟುಕಥೆಯಾಗಿ ಕಂಡಿರಲಾರದು. ಇಂದಿನ ಆಹಾರಶಾಸ್ತ್ರವೂ ರಾಗಿಯ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು ಹತ್ತು. ‘ಚಕ್ರವರ್ತಿ ತಿರುಮಗನ್’ ಎಂಬ ಹೆಸರಿನಲ್ಲಿ ರಾಮನ ಕಥೆಯನ್ನು ತಮಿಳಿಗೆ ಹೇಳಿ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ರಾಜಾಜಿಯವರು ಹುಟ್ಟಿದ ನೆಲ ಇದೇ ರಾಮಧಾನ್ಯದ ನೆಲವೆಂಬುದು ನಮ್ಮ ಸೀಮೆಯವರಿಗೆ ಸಂತೋಷದ ಸಂಗತಿ.

ಆದರೆ ಕನಕದಾಸರು ಆ ಕಥೆಯನ್ನು ಬರೆದದ್ದು ಧಾನ್ಯದ ನೆಪದಲ್ಲಿ ಮನುಷ್ಯರನ್ನು ಕುರಿತು. ಅಗ್ರಹಾರದ ಎಲೆಯಲ್ಲಿ ಅನ್ನ, ಹೊಲದವರ ತಟ್ಟೆಯಲ್ಲಿ ಮುದ್ದೆ ಎಂಬ ಭೇದ ನಮ್ಮ ಕಡೆಯಲ್ಲಿ ಬಹುಕಾಲ ನಡೆಯಿತು. ಒಂದೆಡೆ ಮಡಿಯುಟ್ಟು ಅಡಿಗೆ ಮಾಡಿ ದೇವರಿಗೆ ನೈವೇದ್ಯವಾದ ಮೇಲೆ ಊಟ; ಇನ್ನೊಂದೆಡೆ ಹೊಲದಿಂದ ಬಂದು ಕೈಕಾಲು ತೊಳೆದು ಊಟ. ಎರಡರಲ್ಲಿಯೂ ಶ್ರದ್ಧೆಯಿತ್ತು. ಎರಡರಲ್ಲಿಯೂ ‘ಇವರು ಒಳಗೆ, ಅವರು ಹೊರಗೆ’ ಎಂಬ ಗೆರೆಯೂ ಇತ್ತು. ಅಡಿಗೆಯ ಆಚಾರವನ್ನು ಹೊಗಳುವವರು ಈ ಗೆರೆಯನ್ನು ಮರೆಮಾಚಬಾರದು. ರಾಜಾಜಿಯವರು ಮದರಾಸಿನ ಪ್ರಧಾನಿಯಾಗಿದ್ದ 1939ರಲ್ಲಿ ದೇವಾಲಯ ಪ್ರವೇಶದ ಶಾಸನ ಬಂದಿತು. ಗುಡಿಯ ಬಾಗಿಲನ್ನು ಶಾಸನ ತೆರೆಯಬಲ್ಲದು. ಅಡಿಗೆಮನೆಯ ಬಾಗಿಲಿಗೆ ಯಾವ ಶಾಸನವೂ ಇಲ್ಲ. ಅದನ್ನು ತೆರೆಯತಕ್ಕವರು ಅಲ್ಲಿ ಅಡಿಗೆ ಮಾಡುವವರೂ ಉಣ್ಣುವವರೂ ಮಾತ್ರ.

ಈ ವಿಷಯದಲ್ಲಿ ನಮ್ಮ ನೆರೆಯ ತಮಿಳರಿಂದ ಕಲಿಯುವುದುಂಟು. ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಗಳ ಮುಂದೆ ದೊಡ್ಡ ಹಂಡೆಗಳಲ್ಲಿ ರಾಗಿಯ ‘ಕೂಳ್’ ಕಾಯಿಸಿ, ಬಂದವರಿಗೆಲ್ಲ ಹೊಯ್ಯುತ್ತಾರೆ. ತಮಿಳಿನ ಕೂಳೂ ಕನ್ನಡದ ಕೂಳೂ ಒಂದೇ ಬೇರಿನಿಂದ ಬಂದವು. ನಮ್ಮಲ್ಲಿ ಆ ಮಾತು ಇಳಿದುಹೋಗಿ, “ದಂಡಕ್ಕೆ ಕೂಳು” ಎಂಬ ಬೈಗುಳಕ್ಕೆ ಮೀಸಲಾಯಿತು; ಅವರಲ್ಲಿ ಅದು ಅಮ್ಮನ ಪ್ರಸಾದವಾಗಿ ಉಳಿದಿದೆ. ಒಂದೇ ಮಾತು ಒಂದೇ ಸೀಮೆಯಲ್ಲಿ ಹೀಗೆ ಎರಡು ಗತಿ ಪಡೆದದ್ದಕ್ಕೆ ಕಾರಣ ಹಿಟ್ಟಿನಲ್ಲಿಲ್ಲ, ಹೊಯ್ಯುವ ಮನಸ್ಸಿನಲ್ಲಿದೆ.

ಇನ್ನು ದುಡಿಮೆಯ ಮಾತು. ರಾಗಿಕಲ್ಲಿನ ಮುಂದೆ ಕುಳಿತು ಕೋಳಿ ಕೂಗುವ ಮುನ್ನ ಹಿಟ್ಟು ಬೀಸುತ್ತಿದ್ದ ಕಾಲವನ್ನು ನೆನೆದು ನಿಟ್ಟುಸಿರಿಡುವವರು ಬಹಳ ಮಂದಿ. ಬೀಸುವಾಗ ಹಾಡುತ್ತಿದ್ದ ಪದಗಳು ನಮ್ಮ ಜನಪದದ ಸಿರಿಯೆಂಬುದು ನಿಜ. ಆದರೆ ನಿಟ್ಟುಸಿರಿಡುವವರಲ್ಲಿ ಕಲ್ಲು ತಿರುಗಿಸಿದವರು ಎಷ್ಟು ಮಂದಿ? ದಿನವೂ ಸೇರುಗಟ್ಟಲೆ ರಾಗಿ ಬೀಸಿದ ತೋಳುಗಳಿಗೆ ಗಿರಣಿ ಬಂದದ್ದು ಬಿಡುಗಡೆಯೇ ಸರಿ. ಸೌದೆಯ ಹೊಗೆಯಿಂದ ಕಣ್ಣು ಕೆಂಪಾದವರಿಗೆ ಗ್ಯಾಸ್ ಒಲೆಯೂ, ಕೊಡ ಹೊತ್ತವರಿಗೆ ಕೊಳಾಯಿಯೂ ಹಾಗೆಯೇ. ಈ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿ ಜನರ ಹಲ್ಲು ಮೂಳೆಗಳು ಕೆಡುತ್ತಿದ್ದುದರಿಂದ, 2013ರಲ್ಲಿ ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ಕೃಷ್ಣಗಿರಿ ಧರ್ಮಪುರಿಗಳ ಊರುಗಳಿಗೆ ತರುವ ಯೋಜನೆ ನೆರವೇರಿತು. ಕೊಡಗಿನಲ್ಲಿ ಹುಟ್ಟಿದ ನೀರು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಎಸರಾಗುತ್ತಿದೆ. ಇವು ಯಾವುವೂ ಅಡಿಗೆಯ ಅರ್ಥವನ್ನು ಕುಂದಿಸಿಲ್ಲ. ಅರ್ಥವು ಕಷ್ಟದಲ್ಲಿದ್ದಿದ್ದರೆ ಕಷ್ಟ ಹೋದಂತೆ ಅರ್ಥವೂ ಹೋಗಬೇಕಾಗಿತ್ತು. ಅರ್ಥವಿದ್ದದ್ದು ಕಾಯುವುದರಲ್ಲಿ; ಅದನ್ನು ಗಿರಣಿ ಕಸಿಯಲಾರದು, ಕುಕ್ಕರೂ ಕಸಿಯಲಾರದು.

ಕಸಿಯುವಂಥದು ಒಂದಿದೆ: ಕಾಯುವ ಕೆಲಸವನ್ನೆಲ್ಲ ಮನೆಯಲ್ಲಿ ಒಬ್ಬಳ ಪಾಲಿಗೇ ಬಿಡುವುದು. ‘ಅಡಿಗೆ ಒಂದು ಪೂಜೆ, ಅದರಲ್ಲಿ ಎಂಥ ಸಾರ್ಥಕತೆ!’ ಎಂದು ಕೂಡದಲ್ಲಿ ಕುಳಿತು ಹೇಳುವ ಗೃಹಸ್ಥನು ಆ ಸಾರ್ಥಕತೆಯಲ್ಲಿ ತಾನೂ ಪಾಲು ಕೇಳಬೇಡವೆ? ಹೊಸೂರಿನಲ್ಲಿ 1970ರ ದಶಕದಿಂದೀಚೆಗೆ ಕೈಗಾರಿಕಾ ವಸಾಹತು ಬೆಳೆದು, ಲಾರಿ, ಮೊಪೆಡ್, ಗಡಿಯಾರಗಳ ಕಾರ್ಖಾನೆಗಳು ಬಂದವು. ಹೊಲ ಬಿಟ್ಟವರು ಪಾಳಿಯ ಕೆಲಸಕ್ಕೆ ಸೇರಿದರು, ಹೆಣ್ಣುಮಕ್ಕಳೂ ಸೇರಿದರು. ಒಂದೇ ಮನೆಯಲ್ಲಿ ಮಗ ರಾತ್ರಿಯ ಪಾಳಿ, ಸೊಸೆ ಬೆಳಗಿನ ಪಾಳಿ. ಇಂಥ ಮನೆಯಲ್ಲಿ ಸೊಸೆಯೇ ಎರಡು ಹೊತ್ತೂ ಎಸರಿಡಬೇಕೆಂದರೆ ಅದು ಆಚಾರವಲ್ಲ, ಅನ್ಯಾಯ. ಬೆಳಗಿನ ಪಾಳಿ ಮುಗಿಸಿ ಬರುವ ಸೊಸೆಗಾಗಿ ಮಾವನವರು ಹಿಟ್ಟು ತೊಳಸಿಟ್ಟು ಕಾದರೆ ಅವರ ಗೌರವಕ್ಕೆ ಕುಂದೇನೂ ಬಾರದು. ಹಿಟ್ಟು ತೊಳಸುವುದು ಹೇಗೂ ತೋಳ್ಬಲದ ಕೆಲಸ; ಮದುವೆ ಜಾತ್ರೆಗಳ ದೊಡ್ಡ ಅಡಿಗೆಯಲ್ಲಿ ಗಂಡಸರೇ ಅದನ್ನು ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಊರಿಗೆ ಮಾಡಬಲ್ಲವರು ಮನೆಗೆ ಮಾಡಲಾರರೆ?

ಗಡಿಯ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಹಿತವೂ ಅಡಗಿದೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಶಾಸನ ಬಂದ ಮೇಲೆ ಶಾಲೆಯಲ್ಲಿ ಕನ್ನಡದ ಸ್ಥಾನ ಹೇಗಿರಬೇಕೆಂಬುದು ಚರ್ಚೆಯ ವಿಷಯವಾಯಿತು. ಆ ಕ್ರಮದಲ್ಲಿ ಓದಿದ ಮೊದಲ ತಂಡದ ಮಕ್ಕಳು 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಬಂದಾಗ ಅಲ್ಪಸಂಖ್ಯಾತ ಭಾಷೆಯವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. ತಮಿಳನ್ನು ಚೆನ್ನಾಗಿ ಕಲಿಯುವುದು ನಮ್ಮ ಮಕ್ಕಳಿಗೆ ಒಳ್ಳೆಯದೇ. ನೆಲದ ಭಾಷೆಯನ್ನು ಬಲ್ಲವನು ಎಲ್ಲಿಯೂ ತಲೆತಗ್ಗಿಸಬೇಕಾಗಿಲ್ಲ. ಆದರೆ ಕನ್ನಡದ ಪಾಲಿಗೆ ಮನೆಯೇ ಶಾಲೆಯಾಗಬೇಕಾದ ಸ್ಥಿತಿ ಬಂದಿರುವಾಗ, ಮನೆಯಲ್ಲಿ ಪಾಠ ನಡೆಯುವ ಕೋಣೆ ಯಾವುದು? ಕೂಡದಲ್ಲಿ ದೂರದರ್ಶನ ಮಾತಾಡುತ್ತದೆ, ಕೈಯಲ್ಲಿ ಫೋನು ಮಾತಾಡುತ್ತದೆ. ಮನುಷ್ಯರು ಮನುಷ್ಯರೊಡನೆ ಮಾತಾಡಲೇಬೇಕಾದ ಸ್ಥಳ ಅಡಿಗೆಮನೆಯೊಂದೇ. ಎಸರು, ಹದ, ಕಾವು, ಪಾಕ, ಒಗ್ಗರಣೆ, ಬಸಿ, ತೊಳಸು, ಇಳುಹು, ಬಡಿಸು: ಇವನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಬಸ್ಸಾರಿಗೂ ಉಪ್ಪುಸಾರಿಗೂ ಮಸ್ಸೊಪ್ಪಿಗೂ ಇರುವ ವ್ಯತ್ಯಾಸವನ್ನು ಬಾಯಿಪಾಠ ಮಾಡಿಸಲಾಗುವುದಿಲ್ಲ; ಜೊತೆಯಲ್ಲಿ ನಿಂತು ಸೊಪ್ಪು ಬಿಡಿಸಿದವರಿಗೆ ಅದು ತಾನಾಗಿ ಬರುತ್ತದೆ. “ಅಜ್ಜಿ, ಎಸರು ಮರಳಿತು, ಹಿಟ್ಟು ಹಾಕಲೆ?” ಎಂದು ಕೇಳಬಲ್ಲ ಮಗುವಿನ ಕನ್ನಡಕ್ಕೆ ಸುಲಭವಾಗಿ ಅಳಿವಿಲ್ಲ.

ಹೀಗಿರುವಾಗ ರಾಗಿಯೇ ಒಲೆಯಿಂದ ದೂರವಾದ ಕಾಲವೊಂದು ಬಂದಿತು. ತಮಿಳುನಾಡಿನ ಪಡಿತರದಲ್ಲಿ 2011ರ ಜೂನ್ ತಿಂಗಳಿನಿಂದ ಅಕ್ಕಿ ಬೆಲೆಯಿಲ್ಲದೆ ದೊರೆಯತೊಡಗಿತು. ಬಡವರ ಹಸಿವು ನೀಗಿದ ಆ ಏರ್ಪಾಟನ್ನು ಹಳಿಯುವುದು ಸಲ್ಲದು. ಆದರೂ ರಾಗಿ ಬೆಳೆಯುವವರ ಮನೆಯಲ್ಲಿಯೂ ಮೂರು ಹೊತ್ತು ಅನ್ನವಾಯಿತೆಂಬುದು ನಿಜ. ಈಗ ಗಾಳಿ ತಿರುಗಿದೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದೇ ವರ್ಷ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ಪಡಿತರದಲ್ಲಿ ಎರಡು ಕಿಲೋ ಅಕ್ಕಿಗೆ ಬದಲಾಗಿ ರಾಗಿ ಕೊಡುವ ಕ್ರಮ ಬಂದಿತು. ಪಟ್ಟಣದವರು ರಾಗಿಯನ್ನು ಬಿಸ್ಕತ್ತಿನಲ್ಲಿಯೂ ಸೇಮಿಗೆಯಲ್ಲಿಯೂ ಹುಡುಕಿ ಕೊಳ್ಳುತ್ತಿದ್ದಾರೆ. ಧಾನ್ಯ ಮರಳಿ ಬಂದದ್ದು ಸಂತೋಷವೇ. ಆದರೆ ಪೊಟ್ಟಣದ ರಾಗಿ ಮೂಳೆಗೆ ಸುಣ್ಣ ಕೊಟ್ಟೀತೇ ಹೊರತು ಯಾರಿಗಾಗಿಯೂ ಕಾಯುವುದಿಲ್ಲ. ಆ ಕೆಲಸ ನಮ್ಮದಾಗಿಯೇ ಉಳಿಯುತ್ತದೆ.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಚಿಕ್ಕದು. ವಾರದಲ್ಲಿ ಒಂದು ಹೊತ್ತಾದರೂ, ಆದಿತ್ಯವಾರವಾದರೆ ಅನುಕೂಲ, ಮನೆಯವರೆಲ್ಲ ಸೇರಿ ಮುದ್ದೆಯೂಟವನ್ನು ಮಾಡಿರಿ. ಮಾಗಿಯ ಕಾಲವಾದರೆ ಸೊಗಡಿನ ಅವರೆಕಾಯಿ ಸಿಕ್ಕುತ್ತದೆ. ಮಕ್ಕಳು ಕಾಯಿ ಸುಲಿಯಲಿ. ಕೋಲು ಮನೆಯ ಗಂಡಸರ ಕೈಯಲ್ಲಿರಲಿ. ಹಿರಿಯರು ಹದ ಹೇಳಲಿ. ಹಿಟ್ಟು ಸುರಿದು ಎಸರು ಉಕ್ಕುವ ತನಕ ಸುಮ್ಮನಿರಬೇಕಾದ ಆ ಹತ್ತು ನಿಮಿಷ ಫೋನುಗಳನ್ನು ಬದಿಗಿಟ್ಟು ಒಬ್ಬರೊಡನೊಬ್ಬರು ಮಾತಾಡಿರಿ. ಸಾಧ್ಯವಾದರೆ ಒಂದು ಮುದ್ದೆಯನ್ನು ಹೆಚ್ಚಾಗಿಯೇ ಕಟ್ಟಿ, ಪಕ್ಕದ ತಮಿಳರ ಮನೆಗೋ ತೆಲುಗರ ಮನೆಗೋ ಸಾರಿನೊಡನೆ ಕಳುಹಿಸಿರಿ. ಅವರು ಅದನ್ನು ಕಳಿಯೆಂದರೂ ಸರಿ, ಸಂಗಟಿಯೆಂದರೂ ಸರಿ. ಮಿಕ್ಕದ್ದನ್ನು ಮರುದಿನ ಮಜ್ಜಿಗೆಯಲ್ಲಿ ಕಿವುಚಿ ಅಂಬಲಿ ಮಾಡಿಕೊಳ್ಳಬಹುದು. ರಾಗಿಯ ಮನೆಯಲ್ಲಿ ಯಾವುದೂ ದಂಡವಾಗುವುದಿಲ್ಲ.